ಸೈಫೈ ಹುಚ್ಚನ್ನು ಇನ್ನೊಬ್ಬರಿಗೆ ಹತ್ತಿಸುವುದು ಹೇಗೆ

(ಸೈಫೈ, ಅಂದರೆ ವಿಜ್ಞಾನದ ಕಲ್ಪನೆ ಬೆರೆತ ಕತೆ, ಸಿನಿಮಾ, ಧಾರಾವಾಹಿಗಳನ್ನು ಇಷ್ಟಪಡುವವರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಸೈಫೈನಲ್ಲಿ ಒಂದು ಒಳ್ಳೆಯದು ಹೇಳಿ" ಅಂತ ಯಾರಾದರೂ ಕೇಳಿದರೆ ನಮಗೆ ಖುಷಿಯೋ ಖುಷಿ. ಒಂದು ಕೇಳಿದರೆ ಹತ್ತು ಹೇಳುತ್ತೇವೆ. ಅಸಿಮೋವ್, ಕ್ಲಾರ್ಕ್, ಡ್ಯೂನ್, ಸ್ಟಾರ್ ಟ್ರೆಕ್, ಬ್ಲೇಡ್ ರನ್ನರ್, ಇನ್ನೂ ಏನೇನೋ. ಕೇಳಿದವರು ತಲೆಯಾಡಿಸುತ್ತಾರೆ, ಫೋನಿನಲ್ಲಿ ಬರೆದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಒಂದನ್ನೂ ತೆರೆಯುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಬರೀ ಹೆಸರು ಕೇಳಿ ಯಾರು ತಾನೇ ನಾನೂರು ಪುಟ ಓದಲು ಕೂರುತ್ತಾರೆ? ಒಳಗಿನ ಯಾವುದೋ ಒಂದು ಸಂಗತಿ ತಲೆ ಕೊರೆಯಲು ಶುರು ಮಾಡಿದರೆ ಮಾತ್ರ ಕೂರುತ್ತಾರೆ.

ಹಾಗಾಗಿ ನನ್ನ ಮಾತು ಇಷ್ಟೇ. ಪಟ್ಟಿ ಕೊಡಬೇಡಿ, ಒಂದು ದೃಶ್ಯ ಕೊಡಿ. ನಿಮ್ಮನ್ನು ಹಿಡಿದು ನಿಲ್ಲಿಸಿದ ಆ ಒಂದು ಜಾಗ ಯಾವುದು, ಅದನ್ನು ಹೇಳಿ. ಹೆಸರು ಅವರೇ ಕೇಳುತ್ತಾರೆ.

ಡೇನಿಯಲ್ ಕೀಸ್ ಬರೆದ 'ಫ್ಲವರ್ಸ್ ಫಾರ್ ಆಲ್ಜರ್ನಾನ್' ತಗೊಳ್ಳಿ. 1959ರಲ್ಲಿ ಸಣ್ಣಕತೆಯಾಗಿ ಬಂತು, 1966ರಲ್ಲಿ ಕಾದಂಬರಿಯಾಯಿತು. "ಬುದ್ಧಿ ಕಡಿಮೆ ಇರುವ ಒಬ್ಬನಿಗೆ ಆಪರೇಷನ್ ಮಾಡಿ ಬುದ್ಧಿ ಜಾಸ್ತಿ ಮಾಡ್ತಾರೆ" ಅಂದರೆ ಕೇಳುವವರಿಗೆ ಏನೂ ಅನ್ನಿಸುವುದಿಲ್ಲ. ಬದಲಿಗೆ ಹೀಗೆ ಹೇಳಿ ನೋಡಿ. ಇಡೀ ಕತೆ ಚಾರ್ಲಿ ಗಾರ್ಡನ್ ಎನ್ನುವವನು ತಾನೇ ಬರೆದ ವರದಿಗಳ ರೂಪದಲ್ಲಿದೆ. ಮೊದಲ ವರದಿಯಲ್ಲಿ ಅವನಿಗೆ 'ಪ್ರೋಗ್ರೆಸ್ ರಿಪೋರ್ಟ್' ಅನ್ನುವುದರ ಸ್ಪೆಲ್ಲಿಂಗೇ ಬರುವುದಿಲ್ಲ. ಆಪರೇಷನ್ ಆಗುತ್ತದೆ. ಒಂದೊಂದೇ ತಪ್ಪು ಕಡಿಮೆಯಾಗುತ್ತಾ ಬರುತ್ತದೆ. ಒಂದು ದಿನ ಅವನಿಗೆ ಕಾಮಾ ಹಾಕುವುದನ್ನು ಹೇಳಿಕೊಡುತ್ತಾರೆ. ಆ ದಿನದ ವರದಿ ತುಂಬಾ ಎರಡೆರಡು ಪದಕ್ಕೊಂದು ಕಾಮಾ! ಹೊಸದಾಗಿ ಏನೋ ಕಲಿತ ಖುಷಿ ಅದು, ಓದುವ ನಮಗೂ ನಗು ಬರುತ್ತದೆ. ಆಮೇಲೆ ವಾಕ್ಯಗಳು ಉದ್ದವಾಗುತ್ತವೆ, ಯೋಚನೆ ಹರಿತವಾಗುತ್ತದೆ, ಮತ್ತು ಜೊತೆಯಲ್ಲಿ ಕೆಲಸ ಮಾಡುವವರು ಇಷ್ಟು ದಿನ ನಗುತ್ತಿದ್ದದ್ದು ತನ್ನ ಜೊತೆಗಲ್ಲ, ತನ್ನನ್ನು ನೋಡಿ ಅನ್ನುವುದು ಅವನಿಗೆ ಮೊದಲ ಸಲ ಅರ್ಥವಾಗುತ್ತದೆ. ಇದೇ ಆಪರೇಷನ್ ಅವನಿಗಿಂತ ಮೊದಲು ಆಲ್ಜರ್ನಾನ್ ಎಂಬ ಒಂದು ಇಲಿಗೆ ಆಗಿರುತ್ತದೆ. ಆ ಇಲಿಯ ನಡವಳಿಕೆ ಒಂದು ದಿನ ಬದಲಾಗಲು ಶುರುವಾಗುತ್ತದೆ.

ಅಷ್ಟಕ್ಕೆ ನಿಲ್ಲಿಸಿಬಿಡಿ. ಎದುರಿಗಿರುವವರು "ಆಮೇಲೆ?" ಅಂತ ಕೇಳೇ ಕೇಳುತ್ತಾರೆ.

ಈ ಕತೆಯ ಹಿಂದೆ ಇನ್ನೊಂದು ಕತೆಯಿದೆ. ಕೀಸ್ ಇದನ್ನು ಮೊದಲು ಕೊಟ್ಟದ್ದು 'ಗ್ಯಾಲಕ್ಸಿ' ಪತ್ರಿಕೆಯ ಸಂಪಾದಕ ಹೊರೇಸ್ ಗೋಲ್ಡ್ ಅವರಿಗೆ. ಕೊನೆ ಸುಖವಾಗಿ ಮುಗಿಯುವ ಹಾಗೆ ಬದಲಾಯಿಸಿ ಅಂದರು ಅವರು. ಕೀಸ್ ಒಪ್ಪಲಿಲ್ಲ. ಬೇರೆ ಪತ್ರಿಕೆಯಲ್ಲಿ ಬದಲಾಗದೆ ಬಂತು, ಮರುವರ್ಷ 1960ರಲ್ಲಿ ಸೈಫೈಯ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಸಿಕ್ಕಿತು. ಆ ಕೊನೆ ಬದಲಾಗಿದ್ದರೆ ಇವತ್ತು ನಾವು ಆ ಕತೆಯ ಹೆಸರನ್ನೇ ಎತ್ತುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಇನ್ನೊಂದು ದೃಶ್ಯ. ಸ್ತಾನಿಸ್ಲಾವ್ ಲೆಮ್ ಅವರ 'ಸೋಲಾರಿಸ್', 1961. ಒಂದು ಗ್ರಹ, ಅದನ್ನು ಪೂರ್ತಿ ಆವರಿಸಿದ ಒಂದು ಸಮುದ್ರ, ಆ ಸಮುದ್ರಕ್ಕೇ ಜೀವ ಇದ್ದ ಹಾಗಿದೆ. ಮೇಲೆ ತೇಲುವ ಸ್ಟೇಷನ್ನಿಗೆ ಕೆಲ್ವಿನ್ ಎಂಬ ವಿಜ್ಞಾನಿ ಬರುತ್ತಾನೆ. ಮಲಗಿ ಏಳುವಷ್ಟರಲ್ಲಿ ವರ್ಷಗಳ ಹಿಂದೆ ತೀರಿಹೋದ ಅವನ ಪ್ರೀತಿಯ ಹೆಂಗಸು ರೂಮಿನಲ್ಲಿ ಕೂತಿದ್ದಾಳೆ. ದೆವ್ವ ಅಲ್ಲ, ಕನಸೂ ಅಲ್ಲ. ಅವಳ ಉಡುಪು ಬಿಚ್ಚಲು ಹೋದರೆ ಬಿಚ್ಚುವುದಕ್ಕೆ ದಾರಿಯೇ ಇಲ್ಲ. ಗುಂಡಿಗಳೆಲ್ಲ ಬರೀ ತೋರಿಕೆಗೆ. ಕೊನೆಗೆ ಕತ್ತರಿಸಬೇಕಾಗುತ್ತದೆ. ಯಾಕೆ ಹೀಗೆ? ಸಮುದ್ರ ಅವಳನ್ನು ಮಾಡಿದ್ದು ಕೆಲ್ವಿನ್‌ನ ನೆನಪಿನಿಂದ. ಆ ಉಡುಪು ಕಣ್ಣಿಗೆ ಹೇಗೆ ಕಾಣುತ್ತಿತ್ತು ಅನ್ನುವುದು ನೆನಪಿನಲ್ಲಿ ಉಳಿದಿದೆ, ಅದನ್ನು ಹೇಗೆ ಹೊಲಿದಿದ್ದರು ಅನ್ನುವುದು ಉಳಿದಿಲ್ಲ. ನಾನು ಅದನ್ನು ಓದಿದ ಅರ್ಥ ಇದು. ಒಂದು ಗುಂಡಿಯ ವಿವರದಲ್ಲಿ ಲೆಮ್ ಇಡೀ ಪುಸ್ತಕದ ಭಯವನ್ನು ಇಟ್ಟುಬಿಟ್ಟಿದ್ದಾರೆ. ನಮ್ಮವರು ಅಂತ ನಾವು ಪ್ರೀತಿಸುವುದು ಅವರನ್ನೋ, ಅವರ ಬಗ್ಗೆ ನಮಗಿರುವ ಅರೆಬರೆ ನೆನಪನ್ನೋ?

ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ 1972ರಲ್ಲಿ ಇದನ್ನು ಸಿನಿಮಾ ಮಾಡಿದರು. ಅಲ್ಲೂ ಆ ಉಡುಪು, ಆ ಕತ್ತರಿ ಇದೆ. ಲೆಮ್‌ಗೆ ಆ ಸಿನಿಮಾ ಹಿಡಿಸಲಿಲ್ಲ. ಸಮುದ್ರದ ಬಗ್ಗೆ, ಮನುಷ್ಯನ ಅರಿವಿಗೆ ಎಟುಕದ ಒಂದರ ಬಗ್ಗೆ ಬರೆದದ್ದನ್ನು ಪಾಪಪ್ರಜ್ಞೆಯ ಕತೆ ಮಾಡಿಬಿಟ್ಟರು ಅನ್ನುವುದು ಅವರ ಸಿಟ್ಟು. ನನಗೆ ಎರಡೂ ಬೇಕು. ಪುಸ್ತಕದ ಸಮುದ್ರ ಸಿನಿಮಾದಲ್ಲಿಲ್ಲ, ನಿಜ. ಸಿನಿಮಾದಲ್ಲಿರುವ ಸಂಕಟ ಪುಸ್ತಕದಲ್ಲಿ ಅಷ್ಟು ಹತ್ತಿರಕ್ಕೆ ಬರುವುದಿಲ್ಲ, ಅದೂ ನಿಜ. "ಪುಸ್ತಕವೇ ಮೇಲು" ಅಂತ ಸುಮ್ನೆ ಹೇಳಿಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದನ್ನು ಬಿಟ್ಟರೆ ಒಳ್ಳೆಯದು. ಸಿನಿಮಾ ನೋಡಿ ಇಷ್ಟಪಟ್ಟು ಬಂದವರಿಗೆ "ಅಯ್ಯೋ, ಅದು ಏನೂ ಅಲ್ಲ" ಅಂದರೆ ಅವರ ಖುಷಿಯನ್ನು ಕಿತ್ತುಕೊಂಡ ಹಾಗೆ ಆಗುತ್ತದೆ, ಅಲ್ವಾ?

ಹೊಸಬರಿಗೆ ಮೊದಲು ಚಿಕ್ಕದನ್ನೇ ಕೊಡಿ. ಒಂದೇ ಸಲ ಕೂತು ಮುಗಿಸುವಂಥದ್ದು. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಸೈಫೈಯ ನಿಜವಾದ ಶಕ್ತಿ ಇರುವುದು ಸಣ್ಣಕತೆಯಲ್ಲಿ. ಒಂದು ಪ್ರಶ್ನೆ, ಅದನ್ನು ಕೊನೆ ಮುಟ್ಟಿಸುವುದು, ಮುಗಿಯಿತು.

ರೇ ಬ್ರಾಡ್ಬರಿ ಅವರ 'ದೇರ್ ವಿಲ್ ಕಮ್ ಸಾಫ್ಟ್ ರೇನ್ಸ್' ಕತೆಯಲ್ಲಿ ಒಬ್ಬ ಮನುಷ್ಯನೂ ಇಲ್ಲ. ಒಂದು ಮನೆ ಇದೆ. ತಾನಾಗೇ ನಡೆಯುವ ಮನೆ. ಬೆಳಗ್ಗೆ ಏಳಿ ಏಳಿ ಅಂತ ಕೂಗುತ್ತದೆ, ತಿಂಡಿ ಮಾಡುತ್ತದೆ, ಯಾರೂ ತಿನ್ನದ ತಿಂಡಿಯನ್ನು ಎಸೆದು ತಟ್ಟೆ ತೊಳೆಯುತ್ತದೆ, ಇವತ್ತು ಮಳೆ ಇದೆ, ರೇನ್‌ಕೋಟ್ ಹಾಕ್ಕೊಳ್ಳಿ ಅನ್ನುತ್ತದೆ. ಹೊರಗಡೆ ಒಂದು ಗೋಡೆ ಪೂರ್ತಿ ಸುಟ್ಟು ಕಪ್ಪಾಗಿದೆ. ನಡುವೆ ಐದು ಕಡೆ ಮಾತ್ರ ಬಣ್ಣ ಉಳಿದಿದೆ: ಹುಲ್ಲು ಕತ್ತರಿಸುತ್ತಿದ್ದ ಗಂಡಸು, ಹೂ ಕೀಳಲು ಬಾಗಿದ ಹೆಂಗಸು, ಕೈ ಮೇಲೆತ್ತಿದ ಒಬ್ಬ ಹುಡುಗ, ಮೇಲೆ ಹಾರಿದ ಚೆಂಡು, ಅದನ್ನು ಹಿಡಿಯಲು ನಿಂತ ಹುಡುಗಿ. ಬಾಂಬಿನ ಬೆಳಕು ಬಿದ್ದ ಆ ಕ್ಷಣದಲ್ಲಿ ಅವರು ಹೇಗಿದ್ದರೋ ಹಾಗೆ. ಕತೆ ಬಂದದ್ದು 1950ರಲ್ಲಿ, ಹಿರೋಶಿಮಾ ಆಗಿ ಐದೇ ವರ್ಷ. ಅದೇ ವರ್ಷ ಬಂದ 'ದಿ ಮಾರ್ಷಿಯನ್ ಕ್ರಾನಿಕಲ್ಸ್' ಪುಸ್ತಕದಲ್ಲಿ ಈ ಕತೆಗೆ ಬ್ರಾಡ್ಬರಿ ಕೊಟ್ಟ ಕಾಲ 2026ರ ಆಗಸ್ಟ್. ಓದಲು ಅರ್ಧ ಗಂಟೆಯೂ ಬೇಡ.

ಸಿನಿಮಾದಲ್ಲಿ ಇದಕ್ಕೆ ಸಮನಾದದ್ದು ಕ್ರಿಸ್ ಮಾರ್ಕರ್ ಅವರ 'ಲಾ ಜೆಟೆ'. 1962ರದ್ದು, 28 ನಿಮಿಷ. ಹೆಚ್ಚುಕಡಿಮೆ ಇಡೀ ಸಿನಿಮಾ ಸ್ಟಿಲ್ ಫೋಟೋಗಳಲ್ಲೇ ಇದೆ, ಹಿಂದೆ ಒಂದು ಧ್ವನಿ ಕತೆ ಹೇಳುತ್ತದೆ. ಯುದ್ಧದಲ್ಲಿ ಹಾಳಾದ ಪ್ಯಾರಿಸ್, ನೆಲದಡಿಯಲ್ಲಿ ಬದುಕುವ ಜನ, ಚಿಕ್ಕಂದಿನ ಒಂದು ನೆನಪು ಬಲವಾಗಿ ಉಳಿದಿದೆ ಅನ್ನುವ ಕಾರಣಕ್ಕೆ ಹಿಂದಿನ ಕಾಲಕ್ಕೆ ಕಳಿಸಲು ಆಯ್ಕೆಯಾದ ಒಬ್ಬ ಕೈದಿ. ನಡುವೆ ಒಂದೇ ಒಂದು ಕಡೆ ಚಿತ್ರ ಚಲಿಸುತ್ತದೆ. ಮಲಗಿರುವ ಹೆಂಗಸು ಕಣ್ಣು ತೆರೆದು ರೆಪ್ಪೆ ಬಡಿಯುತ್ತಾಳೆ. ಕೆಲವೇ ಸೆಕೆಂಡು. ಕೋಟಿಗಟ್ಟಲೆ ಸುರಿದು ಮಾಡಿದ ಎಷ್ಟೋ ಗ್ರಾಫಿಕ್ಸ್‌ಗೆ ಇಲ್ಲದ ತಾಕತ್ತು ಆ ಒಂದು ರೆಪ್ಪೆಗೆ ಇದೆ. '12 ಮಂಕೀಸ್' ನೋಡಿ ಇಷ್ಟಪಟ್ಟವರಿಗೆ ಇದನ್ನು ತೋರಿಸಿ. 1995ರ ಆ ಸಿನಿಮಾಕ್ಕೆ ಬೇರು ಇಲ್ಲಿದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಯಾಕಂದ್ರೆ ನಾವು ಇಲ್ಲಿ ಮಾಡುತ್ತಿರುವುದು, ಅಂದರೆ ಇಷ್ಟವಾದದ್ದನ್ನು ಇನ್ನೊಬ್ಬರಿಗೆ ಹೇಳುವುದು, ಸೈಫೈಯ ಅಂಚಿನಲ್ಲಿ ನಡೆಯುವ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಅದಿಲ್ಲದೆ ಸೈಫೈ ಈ ರೂಪದಲ್ಲಿ ಇರುತ್ತಲೇ ಇರಲಿಲ್ಲ.

1926ರ ಏಪ್ರಿಲ್‌ನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಶುರು ಮಾಡಿದರು. ಓದುಗರ ಪತ್ರಗಳನ್ನು ಅವರ ಪೂರ್ತಿ ವಿಳಾಸದ ಜೊತೆ ಅಚ್ಚು ಹಾಕುತ್ತಿದ್ದರು. ಇದು ನೋಡಲು ಸಣ್ಣ ವಿಷಯ. ಆದರೆ ತನ್ನ ಊರಿನಲ್ಲಿ ಈ ಹುಚ್ಚು ತನಗೊಬ್ಬನಿಗೇ ಅಂದುಕೊಂಡಿದ್ದ ಹುಡುಗನಿಗೆ ಇನ್ನೊಬ್ಬನ ವಿಳಾಸ ಸಿಕ್ಕಿತು. ಕಾಗದ ಬರೆದ. ಅಲ್ಲಿಂದ ಕ್ಲಬ್ಬುಗಳಾದವು, ಅಭಿಮಾನಿಗಳೇ ತಯಾರಿಸುವ ಪುಟ್ಟ ಪತ್ರಿಕೆಗಳಾದವು. 1939ರಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ, ಅಂದರೆ ಮೊದಲ ವರ್ಲ್ಡ್‌ಕಾನ್ ಆಯಿತು, ಸುಮಾರು ಇನ್ನೂರು ಜನ ಸೇರಿದ್ದರು. ಹ್ಯೂಗೋ ಪ್ರಶಸ್ತಿಗೆ ಆ ಹೆಸರು ಬಂದದ್ದು ಗರ್ನ್ಸ್‌ಬ್ಯಾಕ್ ಅವರಿಂದಲೇ. 1953ರಲ್ಲಿ ಮೊದಲು ಕೊಟ್ಟರು. ಇವತ್ತಿಗೂ ಅದಕ್ಕೆ ಓಟು ಹಾಕುವವರು ವರ್ಲ್ಡ್‌ಕಾನ್ ಸದಸ್ಯರು, ಅಂದರೆ ಹಣ ಕೊಟ್ಟು ಸದಸ್ಯರಾದ ಯಾವ ಓದುಗರು ಬೇಕಾದರೂ. ಪಂಡಿತರ ಸಮಿತಿ ಕೂತು ಕೊಡುವ ಪ್ರಶಸ್ತಿಯಲ್ಲ. 2015ರಲ್ಲಿ ಲಿಯು ಸಿಶಿನ್ ಅವರ 'ದಿ ತ್ರೀ ಬಾಡಿ ಪ್ರಾಬ್ಲಂ' ಗೆದ್ದಾಗ, ಚೀನೀ ಭಾಷೆಯಲ್ಲಿ 2006ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯೊಂದು ಅನುವಾದದ ಮೂಲಕ ಆ ಪ್ರಶಸ್ತಿ ತಂದುಕೊಂಡಿತು. ಒಳ್ಳೆ ಅನುವಾದಕರು ಸಿಕ್ಕರೆ ಏನಾಗಬಹುದು ಅನ್ನುವುದಕ್ಕೆ ಕೆನ್ ಲಿಯು ಅವರ ಆ ಕೆಲಸವೇ ಸಾಕ್ಷಿ.

ಧಾರಾವಾಹಿಗಳ ವಿಷಯದಲ್ಲಂತೂ ಅಭಿಮಾನಿಗಳು ಕೈ ಕಟ್ಟಿ ಕೂರಲಿಲ್ಲ. 'ಸ್ಟಾರ್ ಟ್ರೆಕ್' ಎರಡನೇ ಸೀಸನ್ನಿಗೇ ನಿಲ್ಲುತ್ತದೆ ಅಂತ ಸುದ್ದಿಯಾದಾಗ ಜನ ರಾಶಿ ರಾಶಿ ಕಾಗದ ಬರೆದರು, 1968ರಲ್ಲಿ ಚಾನೆಲ್ಲಿನವರು ಧಾರಾವಾಹಿ ಮುಂದುವರಿಯುತ್ತದೆ ಅಂತ ಪ್ರಸಾರದಲ್ಲೇ ಹೇಳಬೇಕಾಯಿತು. 'ದಿ ಎಕ್ಸ್‌ಪಾನ್ಸ್' 2018ರಲ್ಲಿ ಮೂರನೇ ಸೀಸನ್ನಿಗೆ ನಿಂತಾಗ ಅಭಿಮಾನಿಗಳು ಹಣ ಕೂಡಿಸಿ, ಬ್ಯಾನರ್ ಕಟ್ಟಿದ ವಿಮಾನವನ್ನು ಅಮೆಜಾನ್ ಸ್ಟುಡಿಯೋ ಮೇಲೆ ಹಾರಿಸಿದರು. ಅಮೆಜಾನ್ ಅದನ್ನು ಎತ್ತಿಕೊಂಡಿತು, ಇನ್ನೂ ಮೂರು ಸೀಸನ್ ಬಂದವು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು 'ಡಾಕ್ಟರ್ ಹೂ' ಕತೆ. 1963ರ ನವೆಂಬರ್ 23ರಂದು ಶುರುವಾದ ಧಾರಾವಾಹಿ. ಆಗಿನ ಟೇಪುಗಳನ್ನು ಬಿಬಿಸಿಯವರು ಅಳಿಸಿ ಮತ್ತೆ ಬಳಸುತ್ತಿದ್ದರು. ಹಾಗಾಗಿ ಅರವತ್ತರ ದಶಕದ ಎಷ್ಟೋ ಎಪಿಸೋಡುಗಳ ಚಿತ್ರ ಇವತ್ತು ಇಲ್ಲ. ಆದರೆ ಧ್ವನಿ ಇದೆ. ಕಳೆದುಹೋದ ಪ್ರತಿಯೊಂದು ಎಪಿಸೋಡಿನ ಧ್ವನಿಯೂ ಇದೆ. ಮಕ್ಕಳು, ಹದಿಹರೆಯದವರು ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಟಿವಿಯಿಂದ ರೆಕಾರ್ಡ್ ಮಾಡಿಕೊಂಡಿದ್ದರು. ಮತ್ತೆ ಕೇಳುವ ಆಸೆ, ಅಷ್ಟೇ. ಇವತ್ತು ಕೆಲವು ಎಪಿಸೋಡುಗಳಿಗೆ ಅನಿಮೇಷನ್ ಮಾಡಿ ಹೊರತಂದಿರುವುದು ಆ ಧ್ವನಿಯ ಆಧಾರದ ಮೇಲೆ. ಸಂಸ್ಥೆ ಉಳಿಸಿಕೊಳ್ಳದ್ದನ್ನು ಅಭಿಮಾನಿಗಳು ಉಳಿಸಿದರು.

ಹೊಸ ಕಾಲದಲ್ಲಿ ಆಂಡಿ ವೀರ್ ಅವರ 'ದಿ ಮಾರ್ಷಿಯನ್' ಇದೆ, ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನ ಕತೆ. ಒಂದೊಂದೇ ಅಧ್ಯಾಯ ಬರೆದು ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕುತ್ತಿದ್ದರು. ಕೆಮಿಸ್ಟ್ರಿ ಗೊತ್ತಿದ್ದ ಓದುಗರು ತಪ್ಪು ಹಿಡಿದು ಬರೆಯುತ್ತಿದ್ದರು, ಇವರು ತಿದ್ದುತ್ತಿದ್ದರು. ಹಾಗೆ ತಿದ್ದಿ ತೀಡಿದ ಪುಸ್ತಕ ಅದು. ಆದರೂ ಕತೆ ಶುರುವಾಗುವ ಆ ದೊಡ್ಡ ಬಿರುಗಾಳಿ ಮಂಗಳದಲ್ಲಿ ಸಾಧ್ಯವಿಲ್ಲ. ಅಲ್ಲಿನ ಗಾಳಿಯ ಒತ್ತಡ ಭೂಮಿಯದ್ದರಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ, ಅದು ರಾಕೆಟ್ಟನ್ನು ಉರುಳಿಸಲಾರದು. ವೀರ್ ಅವರಿಗೂ ಇದು ಗೊತ್ತಿತ್ತು, ಕತೆಗೆ ಬೇಕು ಅಂತ ಇಟ್ಟುಕೊಂಡರು.

ಇಲ್ಲಿ ಒಂದು ಮಾತು. ವಿಜ್ಞಾನ ಸರಿಯಿದೆಯಾ ತಪ್ಪಿದೆಯಾ ಅನ್ನುವ ಜಗಳ ನನಗೂ ಇಷ್ಟ. ಆದರೆ ಅದೊಂದನ್ನೇ ಅಳತೆಗೋಲು ಮಾಡಿಕೊಂಡರೆ ಬಹಳ ಕಳೆದುಕೊಳ್ಳುತ್ತೇವೆ. 'ದಿ ಎಕ್ಸ್‌ಪಾನ್ಸ್' ನನಗೆ ಹಿಡಿಸಿದ್ದು ಅದರ ಭೌತಶಾಸ್ತ್ರ ಸರಿಯಿದೆ ಅಂತಲ್ಲ, ಆ ಭೌತಶಾಸ್ತ್ರ ಜನರ ಮೈಗೆ ಇಳಿದಿದೆ ಅಂತ. ಅಲ್ಲಿ ಕ್ಷುದ್ರಗ್ರಹಗಳ ಮೇಲೆ ಹುಟ್ಟಿ ಬೆಳೆದ ಜನ ಮಾತಾಡುವಾಗ ಕೈಯನ್ನು ದೊಡ್ಡದಾಗಿ ಆಡಿಸುತ್ತಾರೆ. ತಲೆಯಾಡಿಸುವುದು, ಭುಜ ಕುಣಿಸುವುದೆಲ್ಲ ಸ್ಪೇಸ್‌ಸೂಟಿನೊಳಗೆ ಕಾಣುವುದಿಲ್ಲವಲ್ಲ, ಹಾಗಾಗಿ ತಲೆತಲಾಂತರದಿಂದ ಕೈಸನ್ನೆಯೇ ಅವರ ಮಾತಿನ ಭಾಗವಾಗಿದೆ. ಸೂಟು ಹಾಕದೆ ಕೂತು ಹರಟುವಾಗಲೂ ಕೈ ಆಡುತ್ತದೆ. ಇಂಥ ಒಂದು ವಿವರ ಹೇಳಿದರೆ "ನೋಡ್ಬೇಕಲ್ಲ" ಅನ್ನದವರು ಕಡಿಮೆ.

ದಪ್ಪ ಪುಸ್ತಕಗಳ ವಿಷಯಕ್ಕೆ ಬರೋಣ. 'ಫೌಂಡೇಶನ್' ಓದದೆ, 'ಡ್ಯೂನ್' ಓದದೆ ಸೈಫೈ ಬಗ್ಗೆ ಮಾತಾಡಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೆಯ ದೊಡ್ಡ ಪುಸ್ತಕಗಳನ್ನು ಪರೀಕ್ಷೆ ಮಾಡಿಬಿಟ್ಟರೆ ಬರುವವರೂ ಬಾಗಿಲಿಂದಲೇ ವಾಪಸು ಹೋಗುತ್ತಾರೆ. 'ಫೌಂಡೇಶನ್'ನ ಮೊದಲ ಪುಸ್ತಕದಲ್ಲಿ ಹೆಣ್ಣು ಪಾತ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಕ್ಲಾರ್ಕ್ ಅವರ 'ರಾಮ' ಕಾದಂಬರಿಯಲ್ಲಿ, ಅಂದರೆ 1973ರ 'ರಾಂದೆವೂ ವಿತ್ ರಾಮ'ದಲ್ಲಿ, ಐವತ್ತು ಕಿಲೋಮೀಟರ್ ಉದ್ದದ ಆ ಸಿಲಿಂಡರ್ ನೌಕೆ ಕಣ್ಣಿಗೆ ಕಟ್ಟಿದ ಹಾಗಿದೆ, ಅದರೊಳಗೆ ಹೋದ ಮನುಷ್ಯರು ಮಾತ್ರ ಮನಸ್ಸಿನಲ್ಲಿ ಉಳಿಯುವುದಿಲ್ಲ. ಇದನ್ನು ಮುಚ್ಚಿಡದೆ ಹೇಳಿ ಕೊಡಿ. "ಪಾತ್ರಗಳಿಗಾಗಿ ಓದ್ಬೇಡಿ, ಆ ನೌಕೆಯೊಳಗೆ ನಡೆಯೋದಕ್ಕಾಗಿ ಓದಿ" ಅಂದರೆ ಓದುವವರು ಸರಿಯಾದ ಕಡೆ ನೋಡುತ್ತಾರೆ, ನಿರಾಸೆಯಾಗುವುದಿಲ್ಲ.

ಹಾಗೇ ಅರ್ಸುಲಾ ಲೆ ಗ್ವಿನ್ ಅವರ 1969ರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್'. ನನಗೆ ಒಂದೇ ಪುಸ್ತಕ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಗೆಥೆನ್ ಅನ್ನುವ ಹಿಮದ ಗ್ರಹ. ಅಲ್ಲಿಯವರು ಗಂಡೂ ಅಲ್ಲ, ಹೆಣ್ಣೂ ಅಲ್ಲ. ತಿಂಗಳಲ್ಲಿ ಕೆಲವು ದಿನ ಮಾತ್ರ ಇದೋ ಅದೋ ಆಗುತ್ತಾರೆ, ಯಾವುದು ಅಂತ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಬಸಿರಾಗಬಹುದು, ರಾಜನೂ. ಹೊರಗಿನಿಂದ ಬಂದ ಒಬ್ಬ ದೂತ, ಅವನು ನಂಬದ ಎಸ್ಟ್ರಾವೆನ್ ಎಂಬ ಆ ನಾಡಿನ ಮಂತ್ರಿ. ಮೊದಲರ್ಧ ನಿಧಾನ. ಹೆಸರುಗಳು ತೊಡಕು, ರಾಜಕೀಯ ಜಾಸ್ತಿ, ನಡುನಡುವೆ ಜನಪದ ಕತೆಗಳು. ಇಲ್ಲೇ ಬಹಳ ಜನ ಕೈಬಿಡುತ್ತಾರೆ. ಅವರಿಗೆ ನಾನು ಹೇಳುವುದು, ಹಿಮ ದಾಟುವವರೆಗೆ ತಡೆದುಕೊಳ್ಳಿ. ಕೊನೆಯ ಭಾಗದಲ್ಲಿ ಆ ಇಬ್ಬರು ಜಾರುಬಂಡಿ ಎಳೆದುಕೊಂಡು ವಾರಗಟ್ಟಲೆ ಹಿಮದ ಮೇಲೆ ನಡೆಯುತ್ತಾರೆ. ಒಂದು ಪುಟ್ಟ ಗುಡಾರ, ಒಂದು ಒಲೆ, ಅಳೆದು ತಿನ್ನುವ ಊಟ. ಅಲ್ಲಿ ದೂತನಿಗೆ ಜೊತೆಗಾರ ಕೊನೆಗೂ ಕಾಣಿಸುತ್ತಾನೆ, ಗಂಡಸು ಹೆಂಗಸು ಎಂಬ ಲೆಕ್ಕವಿಲ್ಲದೆ, ಒಬ್ಬ ಮನುಷ್ಯನಾಗಿ. ಆ ಪುಟಗಳಿಗೆ ಸರಿಸಮನಾದ ಗೆಳೆತನದ ಬರಹವನ್ನು ನಾನು ಸೈಫೈನಲ್ಲಿ ಬೇರೆಲ್ಲೂ ಓದಿಲ್ಲ. ಮೊದಲರ್ಧ ಓದದೆ ಅಲ್ಲಿಗೆ ಹಾರಿದರೆ ಏನೂ ಸಿಗುವುದಿಲ್ಲ, ಯಾಕಂದ್ರೆ ಅಷ್ಟು ದೂರದ ಅಪನಂಬಿಕೆಯನ್ನು ನಾವೂ ನಡೆದು ಬಂದಿರಬೇಕು.

ದೃಶ್ಯ ಹೇಳಿ ಅಂದೆ. ಹಾಗಾದ್ರೆ ಸ್ಪಾಯ್ಲರ್, ಅಂದರೆ ಕತೆಯ ಗುಟ್ಟನ್ನು ಮೊದಲೇ ಬಿಟ್ಟುಕೊಡುವುದು? ಇದಕ್ಕೆ ಒಂದೇ ನಿಯಮ ಇಲ್ಲ. 'ಅರೈವಲ್' ಸಿನಿಮಾದ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಅಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ನಮಗೆ ತಡವಾಗಿ ಗೊತ್ತಾಗುವುದೇ ಸಿನಿಮಾದ ಜೀವ. ಆದರೆ ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್' ನೋಡಿ, 1979ರದ್ದು. ಕೊನೆಯ ಪಯಣದಲ್ಲಿ ತನ್ನ ಒಂದು ಕೈ ಹೋಯಿತು ಅಂತ ನಾಯಕಿ ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾಳೆ. ಬರೆದವರೇ ಮೊದಲು ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ನಮ್ಮನ್ನು ಓದಿಸುವುದು ಏನಾಯಿತು ಅನ್ನುವುದಲ್ಲ, ಹೇಗೆ, ಯಾಕೆ ಅನ್ನುವುದು. ಹಾಗಾಗಿ ಪುಸ್ತಕ ಯಾವುದನ್ನು ಬಚ್ಚಿಟ್ಟಿದೆ ನೋಡಿ, ಅದನ್ನು ನೀವೂ ಬಚ್ಚಿಡಿ. ಮಿಕ್ಕದ್ದನ್ನು ಧಾರಾಳವಾಗಿ ಹೇಳಿ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, "ನನ್ನ ತಂಗಿಗೆ ಸೈನ್ಸ್ ಅಂದ್ರೇನೇ ಆಗಲ್ಲ. ಅವಳಿಗೆ ಏನು ಕೊಡಲಿ?" ನಾನು ಹೇಳಿದ್ದು ಈಗಷ್ಟೇ ಹೆಸರಿಸಿದ 'ಕಿಂಡ್ರೆಡ್'. ಅದರಲ್ಲಿ ಕಾಲದಲ್ಲಿ ಹಿಂದಕ್ಕೆ ಹೋಗುವುದು ಇದೆ, ಯಂತ್ರ ಇಲ್ಲ, ವಿವರಣೆಯೂ ಇಲ್ಲ. 1976ರಲ್ಲಿ ಬದುಕುತ್ತಿರುವ ಕಪ್ಪು ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದ ಹಾಗೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿನಲ್ಲಿ ಬಂದು ಬೀಳುತ್ತಾಳೆ. ಅಲ್ಲಿ ಅವಳು ಬದುಕಿಸಬೇಕಾದ ಹುಡುಗ ಮುಂದೆ ಒಡೆಯನಾಗುವವನು, ಅವಳದೇ ಪೂರ್ವಜ. ಅವನು ಬದುಕದಿದ್ದರೆ ಇವಳು ಹುಟ್ಟುವುದಿಲ್ಲ. ಇದು ಅರ್ಥವಾಗಲು ಯಾವ ಸೈನ್ಸೂ ಬೇಡ.

ಇನ್ನೊಬ್ಬರದು ಬಹಳ ಜನರ ಪ್ರಶ್ನೆ: "'ಡಾಕ್ಟರ್ ಹೂ' ಅಷ್ಟೊಂದಿದೆಯಲ್ಲ, ಎಲ್ಲಿಂದ ಶುರು ಮಾಡೋದು?" 1963ರಿಂದ ಶುರು ಮಾಡಬೇಡಿ. 2007ರ 'ಬ್ಲಿಂಕ್' ಅನ್ನುವ ಒಂದು ಎಪಿಸೋಡ್ ನೋಡಿ. ಹಿಂದೆ ಮುಂದೆ ಏನೂ ಗೊತ್ತಿರಬೇಕಾಗಿಲ್ಲ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ನಾಯಕ ಡಾಕ್ಟರ್ ಅದರಲ್ಲಿ ಕಾಣಿಸುವುದೇ ಅಪರೂಪ, ಬಹುಪಾಲು ಟಿವಿ ಪರದೆಯ ಮೇಲೆ, ಡಿವಿಡಿಯಲ್ಲಿ ಬಚ್ಚಿಟ್ಟ ತುಣುಕುಗಳಲ್ಲಿ. ಕಲ್ಲಿನ ಪ್ರತಿಮೆಗಳಿವೆ. ನೀವು ನೋಡುತ್ತಿರುವಷ್ಟು ಹೊತ್ತು ಅವು ಕಲ್ಲು. ಕಣ್ಣು ಮಿಟುಕಿಸಿದರೆ ಹತ್ತಿರ ಬಂದಿರುತ್ತವೆ. ಅದು ಇಷ್ಟವಾದರೆ ಧಾರಾವಾಹಿ ಹೊಸದಾಗಿ ಮತ್ತೆ ಶುರುವಾದ 2005ರ ಮೊದಲ ಸೀಸನ್ನಿಗೆ ಹೋಗಿ ಅಲ್ಲಿಂದ ಸಾಲಾಗಿ ನೋಡಿಕೊಂಡು ಬನ್ನಿ. ಇಷ್ಟವಾಗದಿದ್ದರೆ 'ಡಾಕ್ಟರ್ ಹೂ' ನಿಮಗಲ್ಲ ಅಂತ ಇಟ್ಟುಕೊಳ್ಳಿ, 'ದಿ ಎಕ್ಸ್‌ಪಾನ್ಸ್' ಶುರು ಮಾಡಿ. ಅದಕ್ಕೆ ಮಾತ್ರ ಮೊದಲ ನಾಲ್ಕು ಎಪಿಸೋಡು ಸಮಯ ಕೊಡಿ.